ಮೈದುನನ ಹಗ್ಗ

ಗಾಳಿ ಬರುತ್ತದೆಂದು ಸಾರುವುದಕ್ಕಾಗಿ ನೀರಿನ ತೊಟ್ಟಿಯ ಕಂಬಕ್ಕೆ ಏರಿಸಿದ್ದ ಕೆಂಪು ಬಟ್ಟೆಗೆ ಮಿಸುಕಾಡುವಷ್ಟು ಗಾಳಿಯೂ ಇರಲಿಲ್ಲ. ಬೆಳಗಿನಿಂದ ಅದು ಹಿಂಡಿ ಹಾಕಿದ ಟವೆಲ್ಲಿನಂತೆ ಜೋತುಬಿದ್ದಿತ್ತು. ಊಟ ಮುಗಿಸಿ ಕಿಟಕಿಯ ಬಳಿ ಕುಳಿತ ಕ್ಯಾಬಿನ್ ಸಾಹೇಬರಿಗೆ ಆ ನಿಶ್ಚಲತೆಯೇ ಸಹಿಸದಾಯಿತು. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರುಗಳನ್ನು ಎಳೆಯುತ್ತ ಆಯುಷ್ಯ ಸವೆಸಿ ನಿವೃತ್ತರಾದ ಅವರಿಗೆ ಬೀದಿಯವರು ಕೊಟ್ಟ ಹೆಸರು ಅದು. ಅದರಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂದು ಅವರು ಅಳೆಯಲು ಹೋದವರಲ್ಲ. ಬರಬೇಕಾದ ಗಾಡಿ ಬಾರದೆ ಹಳಿಗಳು ಬಿಸಿಲಿಗೆ ಸುಮ್ಮನೆ ಹೊಳೆಯುತ್ತಿದ್ದ ಮಧ್ಯಾಹ್ನಗಳಲ್ಲಿಯೂ ಅವರು ಹೀಗೆಯೇ ಕುಳಿತಲ್ಲಿ ಕೂರಲಾರದೆ ಏಳುತ್ತಿದ್ದರು. ಎದ್ದು ಅಂಗಿ ತೊಟ್ಟರು. ಗುಂಡಿಗಳನ್ನು ಎಡಗೈಯಿಂದ ಹಾಕಿಕೊಂಡರು. ಬಲಗೈಯ ಹೆಬ್ಬೆರಳೂ ತೋರುಬೆರಳೂ ಕೆಲವು ತಿಂಗಳುಗಳಿಂದ ಜೋಮು ಹಿಡಿದಂತಿದ್ದು, ಹಿಡಿದದ್ದನ್ನು ಹಿಡಿದಿದ್ದೇವೆಂದು ತಿಳಿಸುವುದನ್ನೇ ಮರೆತಿದ್ದವು. ಅದು ಯಾರಿಗಾದರೂ ಹೇಳಬೇಕಾದ ಸಂಗತಿಯೆಂದು ಅವರಿಗೆ ತೋರಿರಲಿಲ್ಲ, ತಮಗೆ ತಾವೇ ಹೇಳಿಕೊಂಡದ್ದೂ ಇಲ್ಲ. ಅಡುಗೆಮನೆಯಿಂದ ಹೆಂಡತಿ, ತೋಟದ ಸಸಿಮನೆಗೆ ಕಟ್ಟುವ ತಮ್ಮ ಮನೆಯ ಹಗ್ಗವನ್ನು ತಾನು ಬೆಳಗ್ಗೆಯೇ ಬಿಗಿದು ಬಂದಾಯಿತೆಂದೂ ಈ ಉರಿಬಿಸಿಲಿನಲ್ಲಿ ಹೋಗುವ ಅಗತ್ಯವಿಲ್ಲವೆಂದೂ ಹೇಳಿದಳು. ಹೋದ ಬಿತ್ತನೆಯ ಕಾಲದಿಂದ ಆ ಹಗ್ಗವನ್ನು ಆಕೆಯೇ ಕಟ್ಟುತ್ತಿದ್ದಳು. ಏಕೆಂದು ಅವರು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ. ಅವರವರ ಮನೆಯ ಹಗ್ಗ ಅವರವರದು ಎಂಬುದು ನಿಯಮ. ಮನೆಯೊಳಗೆ ಯಾರ ಕೈ ಎಂಬ ಪ್ರಶ್ನೆ ನಿಯಮದಲ್ಲಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದರು. ಚಪ್ಪಲಿ ಮೆಟ್ಟಿದಾಗ ಆಕೆ ಬಾಗಿಲಿಗೆ ಬಂದು, "ರೀ, ನನ್ನ ತಮ್ಮ ಕಂಡ್ರೆ ಹಗ್ಗದ ನೆನಪು ಮಾಡಿ. ಅವನಿಗೆ ಇದೊಂದು ಸಲ ತಪ್ಪಬಾರದು," ಎಂದಳು.

ತೋಟವಿದ್ದದ್ದು ಬೀದಿ ಮುಗಿದು ದಿಣ್ಣೆ ಏರುವಲ್ಲಿ, ಹಿಂದೆ ಯಾವುದೋ ಗೋದಾಮು ಇದ್ದು ಕುಸಿದುಹೋದ ಬಯಲಿನಲ್ಲಿ. ಕೆಲವು ಮನೆಗಳವರು ಸೇರಿ ಇಟ್ಟಿಗೆಚೂರು ಆರಿಸಿ, ಗೊಬ್ಬರ ಹೊತ್ತು, ಪಾತಿಗಳನ್ನು ಮಾಡಿಕೊಂಡಿದ್ದರು. ಮಣ್ಣು ಒಲಿಯಿತು, ಗಾಳಿ ಒಲಿಯಲಿಲ್ಲ. ಎರಡು ದಿಣ್ಣೆಗಳ ನಡುವಿನ ಸಂದಿನಿಂದ ಅದು ನುಗ್ಗಿ ಬಂದು ಮೊದಲ ವರ್ಷ ಹುರುಳಿಕಾಯಿಯ ಕೋಲುಗಳನ್ನು ಬುಡಸಮೇತ ಕಿತ್ತಿತು. ಅವರಲ್ಲೊಬ್ಬನಾದ ಬೇಕರಿಯವನು ಪಡುವಣ ದಿಕ್ಕಿಗೆ ತಗಡಿನ ಗೋಡೆ ನಿಲ್ಲಿಸಿದ. ಗಾಳಿ ಗೋಡೆಯನ್ನು ಹತ್ತಿ ಆಚೆಗೆ ಧುಮುಕಿ, ಕಳ್ಳನಿಗೆ ಏಣಿ ಹಾಕಿಕೊಟ್ಟಂತಾಗಿ, ನಡುವಿನ ಪಾತಿಗಳನ್ನು ಇನ್ನೂ ಜೋರಾಗಿ ತುಳಿಯಿತು. ತಗಡು ತೆಗೆದು ದಪ್ಪ ಬಲೆ ಕಟ್ಟಿದ ಮೇಲೆ ಗಾಳಿ ಜರಡಿಯಾಡಿ, ಸುಸ್ತಾಗಿ ಒಳಗೆ ಬಂತು. ಬಲೆಯ ಮರೆಯಲ್ಲಿ ಬಾಗಿಸಿದ ಕೊಳವೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಸಸಿಮನೆ ಕಟ್ಟಿದರು. ಎಲ್ಲರ ಟೊಮ್ಯಾಟೊ, ಎಲ್ಲರ ಹೂಕೋಸು, ಎಲ್ಲರ ಬದನೆ ಅಲ್ಲಿಯೇ ಮೊಳೆತು ಹೊರಗಿನ ಪಾತಿಗಳಿಗೆ ಹೋಗಬೇಕು. ಅದು ಬಿದ್ದರೆ ಆ ವರ್ಷದ ತೋಟವೇ ಬಿದ್ದಂತೆ. ಬಿಸಿಲಿನ ದಿನಗಳಲ್ಲಿ ಒಳಗಿನ ಸಸಿ ಬೇಯದಿರಲೆಂದು ಪಕ್ಕದ ಹಾಳೆಗಳನ್ನು ಸುತ್ತಿ ಮೇಲೆತ್ತಿ, ಬೆನ್ನಿನ ಮೇಲಿಂದ ಹಾಯ್ದ ಹಗ್ಗಗಳನ್ನು ಸಡಿಲಿಸುತ್ತಿದ್ದರು. ಗಾಳಿಯ ದಿನ ಹಾಳೆ ಇಳಿಸಿ ಹಗ್ಗಗಳನ್ನು ಗೂಟಕ್ಕೆ ಬಿಗಿಯಬೇಕು. ಒಂದು ಸಲ ಯಾರೂ ಬಿಗಿಯಲಿಲ್ಲ. ಟೈಲರಮ್ಮ ಕಾಂಪೌಂಡರ್ ಬಿಗಿದಾನೆಂದುಕೊಂಡಳು, ಕಾಂಪೌಂಡರ್ ಬೇಕರಿಯವನನ್ನು ನಂಬಿದ, ಬೇಕರಿಯವನು ಇಷ್ಟು ಜನರಿರುವಾಗ ತನ್ನದೇನು ಎಂದುಕೊಂಡ. ಗಾಳಿ ಒಳಹೊಕ್ಕು ಸಸಿಮನೆಯನ್ನು ಬಲೂನಿನಂತೆ ಉಬ್ಬಿಸಿ ಎತ್ತಿಹಾಕಿತು.

ಆಗ ಕ್ಯಾಬಿನ್ ಸಾಹೇಬರು ಮಾತಾಡಿದ್ದರು. ಒಂದೊಂದು ಮನೆಗೆ ಒಂದೊಂದು ಹಗ್ಗ. ಕೆಂಪು ಬಟ್ಟೆ ಏರಿದ ದಿನ ಕತ್ತಲಾಗುವುದರೊಳಗೆ ಅವರವರು ಬಂದು ಅವರವರದನ್ನು ಕಟ್ಟಬೇಕು; ಇನ್ನೊಬ್ಬರ ಗಂಟನ್ನು ಸಡಿಲಿಸಲೂ ಬಾರದು, ಬಿಗಿಯಲೂ ಬಾರದು. ಬಿಗಿಯುವುದಕ್ಕೇನು ಅಡ್ಡಿ ಎಂದು ಟೈಲರಮ್ಮ ಕೇಳಿದ್ದಳು. ಅವರು ಉತ್ತರಿಸುವ ಮುನ್ನ ಅವರ ಬಲಗೈಯ ಮೇಲೆ ಹಳೆಯದೊಂದು ಏಟು ಚುರುಗುಟ್ಟಿತು. ಕ್ಯಾಬಿನ್ನಿಗೆ ಹೊಸದಾಗಿ ಸೇರಿದ್ದ ದಿನಗಳು. ಹಿರಿಯ ಸಿಗ್ನಲ್‌ಮ್ಯಾನ್ ಚಹಾ ಲೋಟ ತೊಳೆಯಲು ತಿರುಗಿದ್ದಾಗ, ಅವನ ಸರದಿಯ ಲಿವರನ್ನು ತಾವೇ ಎಳೆದುಬಿಡೋಣವೆಂದು ಕೈಚಾಚಿದ್ದರು. ಒದ್ದೆ ಕೈಯಿಂದಲೇ ಅವನು ಬಾರಿಸಿದ. ಕೆಂಡಾಮಂಡಲನಾಗಿರಲಿಲ್ಲ, ಪಾಠ ಹೇಳುವವನ ತಣ್ಣನೆಯ ದನಿಯಲ್ಲಿ, "ಉಪಕಾರ ಮಾಡೋಕೆ ಬಂದ್ಯಾ? ಸೋಮಾರಿತನದಿಂದ ಗಾಡಿ ತಡ ಆಗುತ್ತೆ ಅಷ್ಟೆ. ಗಾಡಿ ಬೀಳೋದು ಉಪಕಾರದಿಂದ," ಎಂದಿದ್ದ. ಎಳೆದದ್ದನ್ನು ಮತ್ತೆ ಎಳೆದು, ಇಲ್ಲವೇ ಎಳೆದಿದೆಯೆಂದು ನಂಬಿ ಎಳೆಯದೆ, ಕೊನೆಗೆ ಯಾರ ಕೈಯೂ ಹೊಣೆಯಾಗದೆ ಹೋಗುವ ಆ ಅನಾಹುತವನ್ನು ಸಾಹೇಬರು ಟೈಲರಮ್ಮನಿಗೆ ಎರಡೇ ಮಾತಿನಲ್ಲಿ ವಿವರಿಸಿದ್ದರು. ನಿಯಮ ಅಂಗೀಕಾರವಾಯಿತು. ಅಂದಿನಿಂದ ಎಷ್ಟೋ ಗಾಳಿಗಳು ಬಂದುಹೋದರೂ ಸಸಿಮನೆ ನಿಂತಿತ್ತು. ಮನುಷ್ಯರನ್ನು ಒಳ್ಳೆಯವರೆಂದು ಹೊಗಳುವುದಕ್ಕಿಂತ ಅವರಿಗೊಂದು ಹಗ್ಗ ಕೊಟ್ಟು ನಂಬುವುದು ಹೆಚ್ಚಿನ ಗೌರವವೆಂದು ಅವರು ಆಗಾಗ ಹೇಳುತ್ತಿದ್ದರು. ಹೇಳುವಾಗ ಆ ಮಾತು ಅವರಿಗೆ ನಿಜವಾಗಿಯೂ ನಿಜವೆನಿಸುತ್ತಿತ್ತು.

ಈಗ ಸಸಿಮನೆಯ ಎದುರು ನಿಂತು ನೋಡಿದರೆ ಹಗ್ಗಗಳೆಲ್ಲ ವೀಣೆಯ ತಂತಿಯಂತೆ ಬಿಗಿದಿದ್ದವು, ನಡುವಿನದೊಂದನ್ನು ಬಿಟ್ಟು. ಅದು ಪ್ಲಾಸ್ಟಿಕ್ಕಿನ ಮೇಲೆ ಸೋಮಾರಿಯಾಗಿ ಮಲಗಿ, ತುದಿ ಮಣ್ಣಿನಲ್ಲಿ ಹೊರಳಾಡುತ್ತಿತ್ತು. ಗುರುತಿಗೆ ಕಟ್ಟಿದ ನೀಲಿ ಚಿಂದಿ ನೋಡಬೇಕಾಗಿಯೇ ಇರಲಿಲ್ಲ. ಅದು ಹೆಂಡತಿಯ ತಮ್ಮನದು. ರೇಡಿಯೊ ರಿಪೇರಿಯ ಅಂಗಡಿ ಇಟ್ಟಿದ್ದವನು. ರೇಡಿಯೊಗಳು ಹೋದವು, ಅಂಗಡಿ ಹೋಯಿತು, ಆಮೇಲೆ ಅವನು ಗೋಡೆಗೆ ಮುಖಮಾಡಿ ಮಲಗಿಬಿಟ್ಟಿದ್ದ. ಅಕ್ಕ ತಟ್ಟೆ ಹಿಡಿದು ಕುಳಿತರೂ ಏಳುತ್ತಿರಲಿಲ್ಲ. ಹೇಗೋ ಒಂದು ಪಾತಿ ಅವನ ಪಾಲಿಗೆ ಬಂದು, ಒಂದು ಸಾಲು ಬದನೆ ಹೂಬಿಟ್ಟ ಮೇಲೆ, ಅವನು ಗಡ್ಡ ಬೋಳಿಸಿಕೊಂಡ, ನಗಲು ಕಲಿತ, ಮೋಟಾರು ಸುತ್ತುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ವೈದ್ಯರಿಂದಾಗದ್ದು ಬದನೆಗಿಡದಿಂದಾಯಿತೆಂದು ಹೆಂಡತಿ ಕಂಡಕಂಡವರಿಗೆ ಹೇಳುತ್ತಿದ್ದಳು. ಆದರೆ ಮರೆವು ಅವನ ಹುಟ್ಟುಗುಣ. ಎರಡು ಗಾಳಿಗಳಿಗೆ ಹಗ್ಗ ಕಟ್ಟಲು ಮರೆತಿದ್ದ. ಎರಡು ಸಲವೂ ಗಾಳಿ ದಾರಿ ತಪ್ಪಿ ಬೇರೆಡೆಗೆ ಹೋಗಿತ್ತು. ಕಳೆದ ಸಭೆಯಲ್ಲಿ ಬೇಕರಿಯವನು, ಇನ್ನೊಂದು ಸಲ ಹೀಗಾದರೆ ಪಾತಿ ಬೇರೆಯವರಿಗೆ ಎಂದು ಎಲ್ಲರ ಒಪ್ಪಿಗೆ ಪಡೆದಿದ್ದ. ಸಾಹೇಬರೂ ಕೈ ಎತ್ತಿದ್ದರು. ತಾವು ಅವನ ಭಾವ ಎಂಬ ಕಾರಣಕ್ಕೆ ಎತ್ತದೆ ಇರುವುದಕ್ಕೆ ಅವರ ಆತ್ಮ ಒಪ್ಪಲಿಲ್ಲ. ಎದುರು ಕುಳಿತ ಮೈದುನ ಅವರ ಎತ್ತಿದ ಕೈಯನ್ನೇ ನೋಡಿ, ಸರಿಯಾದ ಉತ್ತರ ಹೇಳಿದ ಹುಡುಗನನ್ನು ನೋಡಿದಂತೆ, ತಲೆಯಾಡಿಸಿ ನಕ್ಕಿದ್ದ.

ಕೆಂಪು ಬಟ್ಟೆಯ ಅಂಚು ಒಮ್ಮೆ ಅಲುಗಿತು. ಪಡುವಣ ಸಂದಿನಲ್ಲಿ ಬಾನು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಕತ್ತಲಾಗಲು ಇನ್ನೂ ಹೊತ್ತಿತ್ತು. ಬರುವುದಾದರೆ ಬರಲು ಬೇಕಾದಷ್ಟು ಹೊತ್ತು. ಆದರೆ ಅವನು ಬರುವುದಿಲ್ಲವೆಂಬುದು ಸಾಹೇಬರಿಗೆ ಗೊತ್ತಿತ್ತು. ಹಳಿಯ ನಡುಕದಿಂದ ಗಾಡಿ ಗೊತ್ತಾಗುವಂತೆ ಗೊತ್ತಿತ್ತು. ಕಿಸೆಯಲ್ಲಿ ಫೋನಿತ್ತು. ಅದು ಅಲ್ಲಿದೆಯೆಂಬ ಅರಿವೂ ಇತ್ತು. ಕರೆದರೆ ಅವನು ಹಾ ಭಾವ, ಬಂದೆ ಭಾವ ಎನ್ನುತ್ತಾನೆ. ನೆನಪಿಸಿ ಮಾಡಿಸಿದ ಕೆಲಸ ಅವನದಾಗುವುದಿಲ್ಲ, ತಮ್ಮದೂ ಆಗುವುದಿಲ್ಲ. ಅದಕ್ಕಿಂತ ತಾವೇ ಒಂದು ಗಂಟು ಹಾಕಿಬಿಡುವುದು ವಾಸಿ. ಯಾರೂ ನೋಡುತ್ತಿಲ್ಲ. ಪಾತಿ ಉಳಿಯುತ್ತದೆ, ಮನೆಯಲ್ಲಿ ಆಕೆಯ ಮುಖ ಉಳಿಯುತ್ತದೆ, ಎಲ್ಲರ ಸಸಿ ಉಳಿಯುತ್ತದೆ. ಹೀಗೆ ಯೋಚಿಸುವಾಗಲೇ ಎದೆಯಲ್ಲಿ ಬೆಚ್ಚಗೆ ಏನೋ ಹರಡಿತು. ಅದು ಕರುಣೆಯೆಂದು ಅವರು ಗುರುತಿಸಿ ಮೆಚ್ಚಿಕೊಂಡರು. ಅದರ ಅಡಿಯಲ್ಲಿ, ಪಾತ್ರೆಯ ತಳದ ಕರಿಯಂತೆ, ಇನ್ನೊಂದು ಅಂಟಿಕೊಂಡಿತ್ತು: ಎಂದಾದರೊಮ್ಮೆ ಆಕೆಯ ಎದುರು, ಮಾತಿನ ನಡುವೆ, ಹೇಳಬಾರದೆಂದುಕೊಂಡಿದ್ದೆ ಎಂಬ ಮುಖದಲ್ಲಿ, ನಿನ್ನ ತಮ್ಮನ ಹಗ್ಗವನ್ನು ಅಂದು ಕಟ್ಟಿದವನು ನಾನು ಎಂದು ಹೇಳುವ ಗಳಿಗೆಯ ರುಚಿ. ಅದನ್ನು ಅವರು ನೋಡಲಿಲ್ಲವೆಂದಲ್ಲ. ನೋಡಿ, ಮುಖ ತಿರುಗಿಸಿ, ಬಗ್ಗಿ ಹಗ್ಗದ ತುದಿಯನ್ನು ಎತ್ತಿಕೊಂಡರು.

ಎಳೆಯುವುದಕ್ಕೆ ತೋಳು ಸಾಕಾಯಿತು. ಎಳೆತ ಅವರ ಜನ್ಮದ ಕಸುಬು. ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಒಳಗಿನಿಂದ ನುಸುಳಿಸಿ ಜಗ್ಗುವಾಗ ಹೆಬ್ಬೆರಳು ಹಗ್ಗವನ್ನು ಒತ್ತಿಹಿಡಿಯಬೇಕಿತ್ತು. ಒತ್ತಿತೋ ಇಲ್ಲವೋ ತಿಳಿಯಲಿಲ್ಲ. ಕಣ್ಣಿನಿಂದ ನೋಡಿ, ಒತ್ತಿದೆಯೆಂದು ತೀರ್ಮಾನಿಸಿದರು. ಹಗ್ಗ ಅಂಗೈಯನ್ನು ಸುಡುತ್ತ ಒಂದು ಗೇಣು ಹಿಂದೆ ಸರಿಯಿತು. ಮತ್ತೆ ಜಗ್ಗಿದರು. ಗಂಟು ಗಂಟಿನ ಹಾಗೆಯೇ ಕಾಣುತ್ತಿತ್ತು. ತುದಿ ಮಾತ್ರ ಗಿಡ್ಡವಾಗಿ ಜೋತಾಡುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಬೇಕೆಂದು ಒಂದು ಮನಸ್ಸು. ಬಿಚ್ಚಿದರೆ ಮತ್ತೆ ಇಷ್ಟಾದರೂ ಆಗುತ್ತದೋ ಇಲ್ಲವೋ ಎಂಬ ಭಯ, ಭಯವೆಂದು ಹೆಸರಿಡದೆ, ಸಾಕು ಎಂಬ ಮಾತಾಗಿ ಬಾಯಿಗೆ ಬಂತು. ಮಲಗಿದ ಮಗುವಿನ ಬೆನ್ನು ತಟ್ಟುವಂತೆ ಗಂಟಿನ ಮೇಲೊಮ್ಮೆ ತಟ್ಟಿ, ದಿಣ್ಣೆಯ ಕೆಳದಾರಿ ಹಿಡಿದು ಮನೆಗೆ ಬಂದರು.

ತಮ್ಮ ಬಂದಿದ್ದನೇ ಎಂದು ಹೆಂಡತಿ ಕೇಳಿದಾಗ, ಅವನ ಹಗ್ಗ ಕಟ್ಟಿದೆ ಎಂದರು. ಆಕೆಯ ಮುಖ ಅರಳಿತು. ಸುಳ್ಳು ಹೇಳಲಿಲ್ಲವೆಂಬ ತೃಪ್ತಿ ಅವರಿಗೆ ಚಹಾ ಕುಡಿದು ಮುಗಿಯುವವರೆಗೂ ಇತ್ತು. ಕತ್ತಲು ಕವಿಯುವ ಹೊತ್ತಿಗೆ ಗಾಳಿ ಬಂತು. ಮೊದಲು ಬೀದಿಯ ಕೊನೆಯಲ್ಲೆಲ್ಲೋ ಒಂದು ಬಾಗಿಲು ಬಡಿಯಿತು, ಆಮೇಲೆ ಎಲ್ಲ ಬಾಗಿಲುಗಳೂ. ಮೇಲಿನ ತಂತಿಗಳು ಸಿಳ್ಳೆಹಾಕಿದವು. ಆಕೆ ಕಿಟಕಿ ಮುಚ್ಚಲು ಹೋದಳು. ಸಾಹೇಬರು ಕುರ್ಚಿಯಲ್ಲಿ ಕುಳಿತು ಅಂಗೈಯ ಕೆಂಪು ಗೆರೆಯನ್ನು ನೋಡಿಕೊಂಡರು. ಕ್ಯಾಬಿನ್ನಿನಲ್ಲಿ ಬರುವ ಗಾಡಿಗೆ ಒಪ್ಪಿಗೆ ಕೊಟ್ಟು, ದಾರಿ ಬಿಟ್ಟು, ಲಿವರು ತನ್ನ ಜಾಗದಲ್ಲಿ ಕಚ್ಚಿಕೊಂಡಿದೆಯೆಂದು ಕೈಗೆ ಗೊತ್ತಾದ ಮೇಲೆ ಬರುತ್ತಿದ್ದ ಆ ನಿಶ್ಚಿಂತೆ ಎಲ್ಲಿ? ಕೈ ಏನನ್ನೂ ಹೇಳುತ್ತಿರಲಿಲ್ಲ. ದಿಣ್ಣೆಯ ಕಡೆಯಿಂದ ದೊಡ್ಡ ಬಟ್ಟೆಯನ್ನು ಯಾರೋ ಒಮ್ಮೆಲೇ ಕೊಡವಿದಂಥ ಸದ್ದು ಕೇಳಿತು. ಆಕೆ ಅದೇನೆಂದು ಕೇಳಿದಳು. ಅವರು ಗೊತ್ತಿಲ್ಲ ಎಂದರು. ಈ ಸಲ ಅದು ಸುಳ್ಳೇ ಆಗಿತ್ತು.

ಬೆಳಗ್ಗೆ ತೋಟದಲ್ಲಿ ಎಲ್ಲರೂ ಸೇರಿದ್ದರು, ಸಾವಿನ ಮನೆಗೆ ಬಂದವರಂತೆ ಯಾರೂ ಯಾರನ್ನೂ ನೇರ ನೋಡದೆ. ಸಸಿಮನೆಯ ಹೊದಿಕೆ ನಡುವಿನಲ್ಲಿ ಬಾಯಿಬಿಟ್ಟುಕೊಂಡು, ಕೊಳವೆಗಳು ಪಕ್ಕೆಲುಬಿನಂತೆ ಹೊರಬಿದ್ದಿದ್ದವು. ಸಸಿಯ ತಟ್ಟೆಗಳು ಬೋರಲು ಬಿದ್ದು, ಮಣ್ಣಿನಲ್ಲಿ ಅಲ್ಲಲ್ಲಿ ಎರಡೆಲೆಯ ಹಸಿರು ಚುಕ್ಕಿಗಳು. ಬಲೆ ನಿಂತಿತ್ತು, ಉಳಿದ ಹಗ್ಗಗಳು ಕೊನೆಯವರೆಗೂ ಹಿಡಿದಿದ್ದವು. ನಡುವಿನ ಗೂಟ ಮಾತ್ರ ಬರಿದಾಗಿ, ನೀಲಿ ಚಿಂದಿಯ ಹಗ್ಗ ದೂರದಲ್ಲಿ ಹಾವಿನಂತೆ ಬಿದ್ದಿತ್ತು. ಟೈಲರಮ್ಮ ಮೊಣಕಾಲೂರಿ ಬದುಕಿರುವ ಸಸಿಗಳನ್ನು ಸೆರಗಿನಲ್ಲಿ ಆಯ್ದುಕೊಳ್ಳುತ್ತಿದ್ದಳು. ಮೈದುನ ಹಗ್ಗದ ಪಕ್ಕದಲ್ಲಿ ನಿಂತಿದ್ದ. ಅವನ ಮುಖ ಸಾಹೇಬರು ಹಿಂದೊಮ್ಮೆ ನೋಡಿದ್ದ ಮುಖವೇ. ಗೋಡೆಯ ಕಡೆ ತಿರುಗಿ ಮಲಗುವ ಮುಂಚೆ ಇದ್ದದ್ದು.

ಬೇಕರಿಯವನು ಕೂಗಾಡಲಿಲ್ಲ. ಮೈದುನ ನಿನ್ನೆ ಬಂದಿದ್ದನೋ ಇಲ್ಲವೋ ಅಷ್ಟನ್ನೇ ಹೇಳಲಿ ಎಂದ.

"ಬಂದಿದ್ದೆ," ಎಂದ ಮೈದುನ. "ನಾನು ಬಂದಾಗ ಕಟ್ಟಿತ್ತು."

"ಯಾರು ಕಟ್ಟಿದ್ದು? ಗಾಳೀನೇ ಬಂದು ಕಟ್ಟಿ ಹೋಯ್ತಾ?"

ಯಾರೋ ನಕ್ಕರು. ಇದು ಮಾತಾಡಬೇಕಾದ ಗಳಿಗೆಯೆಂದು ಸಾಹೇಬರಿಗೆ ಸ್ಪಷ್ಟವಾಗಿ ತಿಳಿದಿತ್ತು. ಬಾಯಿ ತೆರೆದರೆ ಸಾಕು, ಮೂರು ಮಾತು. ಆದರೆ ಆ ನಗು ಮುಗಿಯಲಿ ಎಂದುಕೊಂಡರು. ನಗುವಿನ ನಡುವೆ ಹೇಳಿದರೆ ಅದೂ ತಮಾಷೆಯಾದೀತು. ನಗು ಮುಗಿಯಿತು. ಆಗ ಕಾಂಪೌಂಡರ್ ಕೆಮ್ಮಿ, ಮರೆತಿದ್ದರೆ ಮರೆತೆನೆಂದು ಒಪ್ಪಿಕೊಳ್ಳುವುದು ಮರ್ಯಾದೆ ಎಂದು ಬುದ್ಧಿ ಹೇಳಿದ. ಅವನು ಮುಗಿಸಲಿ ಎಂದು ಸಾಹೇಬರು ಕಾದರು. ಇಡೀ ಜೀವನ ಸತ್ಯವನ್ನೇ ಹೇಳಿದವರಿಗೆ ಸತ್ಯ ಹೇಳುವ ಅಭ್ಯಾಸವಿರುತ್ತದೆಂದು ಜನ ನಂಬುತ್ತಾರೆ. ಹಾಗಲ್ಲ. ತಮ್ಮ ವಿರುದ್ಧ ಹೇಳಬೇಕಾದ ಸತ್ಯ ಒಂದೂ ಇರದಿದ್ದವರಿಗೆ ಅಭ್ಯಾಸವಾಗಿರುವುದು ಗೆಲುವು ಮಾತ್ರ. ಹೀಗೆ ಅವರು ಒಂದೊಂದೇ ಮಾತನ್ನು ಮುಂದೆ ಹೋಗಗೊಡುತ್ತಿದ್ದಾಗ, ಮೈದುನ ತಲೆ ಕೆರೆದುಕೊಂಡು, ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಬದನೆಗೆ ನೀರು ಹಾಕಲು ತಾನು ಬಂದದ್ದು ನಿಜ, ಆಗಲೇ ಕಟ್ಟಿ ಮರೆತಿರಬೇಕು, ಅವಸರದಲ್ಲಿ ಸರಿಯಾಗಿ ಬಿಗಿದಿರಲಿಕ್ಕಿಲ್ಲ ಎಂದು, ತನ್ನ ಮೇಲೆ ತಾನೇ ಒಂದೊಂದೇ ಸಾಕ್ಷಿಯನ್ನು ಹುಡುಕಿ ಹುಡುಕಿ ತಂದು ಮುಂದಿಡತೊಡಗಿದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನೀನು," ಎಂದ ಬೇಕರಿಯವನು, ಕೋಪಕ್ಕಿಂತ ಬೇಸರದಿಂದ. "ಪಾತಿಯ ವಿಷಯ ಮೊದಲೇ ಮಾತಾಗಿದೆ. ಇನ್ನು ಹೊಸದಾಗಿ ಹೇಳೋಕೇನಿಲ್ಲ."

"ಅವನ ಹಗ್ಗ ಕಟ್ಟಿದ್ದು ನಾನು," ಎಂದರು ಸಾಹೇಬರು.

ಎಲ್ಲರೂ ತಿರುಗಿದರು. ಅವರು ನಡೆದದ್ದನ್ನು ನಡೆದ ಹಾಗೆ ಹೇಳಿದರು: ಮಧ್ಯಾಹ್ನ ಬಂದದ್ದು, ಸಡಿಲ ಹಗ್ಗ ಕಂಡದ್ದು, ಅವನು ಬರುವುದಿಲ್ಲವೆಂದುಕೊಂಡದ್ದು, ಗಂಟು ಸರಿಯಾಗಿ ಕೂರಲಿಲ್ಲವೆಂದು ಗೊತ್ತಿದ್ದೂ ಹೋದದ್ದು. ನಿಯಮ ಮುರಿದದ್ದು ತಾವು, ಆದ್ದರಿಂದ ಪಾತಿ ಹೋಗಬೇಕಾದದ್ದು ತಮ್ಮದು ಎಂದರು. ಹೇಳಿ ಮುಗಿಸಿ ತಲೆ ಎತ್ತಿದಾಗ ಎದುರಿನ ಮುಖಗಳಲ್ಲಿ ಅವರು ನಿರೀಕ್ಷಿಸಿದ್ದ ಯಾವುದೂ ಇರಲಿಲ್ಲ. ಟೈಲರಮ್ಮ ಸೆರಗಿನ ಸಸಿಗಳನ್ನು ಹಿಡಿದುಕೊಂಡೇ ಎದ್ದು ನಿಂತಿದ್ದಳು. ಆಕೆಯ ಕಣ್ಣು ಹನಿಗೂಡಿತ್ತು.

"ಸಾಹೇಬ್ರೇ, ನೀವು ಇನ್ನೊಬ್ಬರ ಗಂಟು ಮುಟ್ಟೋದಾ? ಸೂರ್ಯ ಪಡುವಣದಲ್ಲಿ ಹುಟ್ಟಿದ ಅಂದ್ರೆ ನಂಬೇವು."

ಕಾಂಪೌಂಡರ್ ದೊಡ್ಡವರ ಮನಸ್ಸು ದೊಡ್ಡದೆಂದ. ನಿಜವೆಂದು ಅವರು ಮತ್ತೊಮ್ಮೆ ಹೇಳಿದರು. ಅದರಿಂದ ಅವರ ದೊಡ್ಡತನ ಇನ್ನಷ್ಟು ಬೆಳೆಯಿತು. ಅಂಗೈ ಚಾಚಿ ಕೆಂಪು ಗೆರೆ ತೋರಿಸಿದರು. ಅಂಥ ಗೆರೆ ಅಲ್ಲಿ ಎಲ್ಲರ ಕೈಯಲ್ಲೂ ಇತ್ತು. ಬೆರಳುಗಳಿಗೆ ಸ್ಪರ್ಶವಿಲ್ಲ ಎಂದರು. ವಯಸ್ಸಾದ ಮೇಲೆ ಯಾರಿಗೆ ಇದೆ ಎಂದು ಬೇಕರಿಯವನು ನಕ್ಕ. ಇಷ್ಟು ಹೊತ್ತು ಸುಮ್ಮನಿದ್ದವರು ಪಾತಿಯ ಮಾತು ಬಂದೊಡನೆ ತಪ್ಪು ಹೊತ್ತುಕೊಂಡರೆ ಅದರ ಅರ್ಥವೇನೆಂದು ತಿಳಿಯದಷ್ಟು ದಡ್ಡರೇನಲ್ಲ ತಾವು, ಎಂದೂ ಅವನು ಪ್ರೀತಿಯಿಂದಲೇ ಹೇಳಿದ. ಸಾಹೇಬರ ಮೈ ಉರಿಯಿತು. ಇದು ನ್ಯಾಯವೇ? ಮಾಡದ ತಪ್ಪಿಗೆ ಶಿಕ್ಷೆ ಅನ್ಯಾಯವಾದರೆ, ಮಾಡದ ತಪ್ಪಿಗೆ ಮೈದುನನಿಗೆ ಸಿಗುವ ಕ್ಷಮೆ ಅದಕ್ಕಿಂತ ಎಷ್ಟು ಕಡಿಮೆಯ ಅನ್ಯಾಯ? ಆದರೆ ಅವರ ಹೆಸರು ಅವರಿಗಿಂತ ಮುಂದೆ ಹೋಗಿ ಎಲ್ಲ ಕಿವಿಗಳ ಬಾಗಿಲಲ್ಲೂ ಕಾವಲು ನಿಂತಿತ್ತು. ಅವರನ್ನೇ ಒಳಗೆ ಬಿಡುತ್ತಿರಲಿಲ್ಲ. ಸಾಹೇಬರ ಮುಖ ನೋಡಿ ಈ ಸಲ ಮೈದುನನನ್ನು ಬಿಟ್ಟಿದ್ದೇವೆಂದು ಬೇಕರಿಯವನು ಸಾರಿದ. ಎಲ್ಲರೂ ಹಗುರಾಗಿ, ಕೊಳವೆಗಳನ್ನು ನೆಟ್ಟಗೆ ಮಾಡಲು ಬಗ್ಗಿದರು.

ದಿಣ್ಣೆ ಇಳಿಯುವಾಗ ಮೈದುನ ಜೊತೆಗೆ ಬಂದ. ರಾತ್ರಿ ಮಳೆಹನಿ ಬಿದ್ದು ದಾರಿ ಜಾರುತ್ತಿದ್ದುದರಿಂದ ಅವರ ಮೊಣಕೈ ಹಿಡಿದುಕೊಂಡಿದ್ದ. ಆಮೇಲೆ ಮೆಲ್ಲಗೆ, "ಭಾವ, ನೀವು ಸುಳ್ಳು ಹೇಳಿದ್ದನ್ನ ನಾನು ಜನ್ಮದಲ್ಲಿ ಕೇಳಿರಲಿಲ್ಲ. ನನಗೋಸ್ಕರ ಹೇಳಿಬಿಟ್ರಿ," ಎಂದ.

"ನಾನು ಹೇಳಿದ್ದು ನಿಜ."

"ಆಯ್ತು ಬಿಡಿ. ಅಕ್ಕನಿಗೂ ಹಾಗೇ ಹೇಳೋಣ."

ಅವನ ದನಿಯಲ್ಲಿದ್ದ ಕೃತಜ್ಞತೆ ಸಾಹೇಬರಿಗೆ ನುಂಗಲಾರದ ತುತ್ತಾಯಿತು. ಇಲ್ಲಿಗೆ ಬಿಡಬಹುದಿತ್ತು. ಪಾತಿ ಉಳಿದಿದೆ, ಆಕೆಯ ಮುಖ ಉಳಿದಿದೆ. ಹತ್ತಿರದವನೊಬ್ಬ ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮನ್ನು ಪ್ರೀತಿಯಿಂದ ಹಿಡಿದುಕೊಂಡು ನಡೆಸುತ್ತಿದ್ದಾನೆ. ಇನ್ನೊಂದು ಫರ್ಲಾಂಗು ಬಾಯಿ ಮುಚ್ಚಿಕೊಂಡರೆ ಮನೆ. ಆದರೆ ಅವನು ಉಳಿದ ಬಾಳನ್ನೆಲ್ಲ ತಾನು ಕಟ್ಟದ ಗಂಟಿನ ತಪ್ಪನ್ನು ಹೊತ್ತು, ತನ್ನ ತಲೆಯನ್ನು ತಾನೇ ನಂಬದೆ ತಿರುಗುತ್ತಾನಲ್ಲ ಎನ್ನಿಸಿ, ಅವರು ದಾರಿಯ ನಡುವೆ ನಿಂತರು.

"ಗಂಟು ಹಾಕಿದ ಮೇಲೆ ಉಳಿಯೋ ತುದೀನ ನೀನು ಏನು ಮಾಡ್ತೀಯ?"

"ಸುತ್ತಿ ಕೆಳಗಡೆ ಸಿಗಿಸ್ತೀನಿ. ತಂತಿ ಸುತ್ತಿ ಸುತ್ತಿ ಕೈಗೆ ಅದೇ ಅಭ್ಯಾಸ. ತುದಿ ಬಿಟ್ರೆ ಮೋಟಾರು ಸುಟ್ಟು ಹೋಗುತ್ತೆ."

"ನಿನ್ನೆ ನೀನು ನೋಡಿದಾಗ ತುದಿ ಎಲ್ಲಿತ್ತು?"

ಮೈದುನನ ಕಣ್ಣು ಸಾಹೇಬರನ್ನು ಬಿಟ್ಟು, ಗಾಳಿಯಲ್ಲಿ ಎಲ್ಲೋ, ಗೂಟವೊಂದರ ಮಟ್ಟಕ್ಕೆ ಇಳಿಯಿತು. ಅವನ ಬೆರಳುಗಳು ತಾವಾಗಿಯೇ ಏನನ್ನೋ ಸುತ್ತಿ ಸಿಗಿಸುವಂತೆ ಒಮ್ಮೆ ಆಡಿ ನಿಂತವು.

"ಜೋತಾಡ್ತಾ ಇತ್ತು," ಎಂದ.

ಕೆಳಗಿನ ಬೀದಿಯಲ್ಲಿ ಯಾರೋ ಬಿದ್ದ ಕೊಂಬೆಯನ್ನು ಎಳೆದುಕೊಂಡು ಹೋಗುವ ಸದ್ದು. ಸಾಹೇಬರು ಕಾದರು. ಸಸಿಗಳ ಬಗ್ಗೆ ಕೇಳುತ್ತಾನೆ, ಸಭೆಯ ಬಗ್ಗೆ, ಅಷ್ಟು ಹೊತ್ತು ಏಕೆ ಸುಮ್ಮನಿದ್ದಿರೆಂದು ಕೇಳುತ್ತಾನೆ. ಎಲ್ಲಕ್ಕೂ ಉತ್ತರ ಸಿದ್ಧವಿತ್ತು, ಎಲ್ಲ ಉತ್ತರವೂ ತಮ್ಮ ವಿರುದ್ಧವೇ.

"ನಾನು ಬರಲ್ಲ ಅಂತ ಅಷ್ಟು ಖಾತ್ರಿ ಇತ್ತಾ ಭಾವ?"

ಈ ಪ್ರಶ್ನೆಯನ್ನು ಅವರು ಎಣಿಸಿರಲಿಲ್ಲ. ಹೌದು ಎಂದರು.

"ಫೋನ್ ಮಾಡಿದ್ರೆ ಆಗ್ತಿತ್ತು."

"ಆಗ್ತಿತ್ತು."

ಅವನು ನೆಲ ನೋಡುತ್ತ, ಬೇರೆ ಯಾರದೋ ಸಂಗತಿಯಂತೆ ಹೇಳಿದ. ಬೆಳಗ್ಗೆ ಬಟ್ಟೆ ಏರಿದ್ದು ಕಂಡಾಗಲೇ, ಕೆಲಸಕ್ಕೆ ಹೊತ್ತಾಗಿದ್ದರಿಂದ, ಕೆಲಸ ಮಾಡುವ ಕೈಗೆ ದಾರ ಕಟ್ಟಿಕೊಂಡಿದ್ದನಂತೆ, ಸಂಜೆ ಬಂದು ಹಗ್ಗ ಕಟ್ಟಲು ಮರೆಯದಿರಲೆಂದು. ಅಂಗಡಿಯ ಯಜಮಾನ ದಾರ ನೋಡಿ, ಮದುವೆ ಗೊತ್ತಾಯಿತೇ ಎಂದು ಎಲ್ಲರೆದುರು ಆಡಿಕೊಂಡನಂತೆ. ಅರ್ಧ ಸುತ್ತಿದ ಮೋಟಾರನ್ನು ಬಿಟ್ಟು, ಬೈಸಿಕೊಂಡು, ಓಡಿ ಬಂದನಂತೆ. ಬಂದು ನೋಡಿದರೆ ಕಟ್ಟಿದೆ. ಕಟ್ಟಿಯೇ ಮರೆತೆನಲ್ಲ, ತನ್ನಂಥ ಮರೆಗುಳಿ ಉಂಟೇ ಎಂದು ಆ ಪಾತಿಯ ಅಂಚಿನಲ್ಲಿ ಕುಳಿತು ಒಬ್ಬನೇ ನಕ್ಕನಂತೆ.

"ನಾನು ಮೇಲೆ ಹೋಗಿ ಎಲ್ಲರಿಗೂ ಮತ್ತೆ ಹೇಳ್ತೀನಿ," ಎಂದರು ಸಾಹೇಬರು. "ತುದಿಯ ವಿಷಯ ಹೇಳಿದ್ರೆ ನಂಬ್ತಾರೆ."

"ನಂಬಲ್ಲ. ಇಬ್ಬರೂ ಕೂತು ಕತೆ ಕಟ್ಟಿದ್ರು ಅಂತಾರೆ." ಅವನು ಮೇಲಿನ ತೋಟದತ್ತ ನೋಡಿದ. "ನನ್ನ ಪಾತಿ ಉಳೀತು. ನಾನು ಸರಿಯಾಗಿ ಕಟ್ಟಲಿಲ್ಲ ಅನ್ನೋದೂ ಉಳೀತು. ಇರಲಿ ಬಿಡಿ."

ಬೈಗುಳವೇನೂ ಬರಲಿಲ್ಲ. ಅವನು ಅವರ ಮೊಣಕೈಯಿಂದ ಕೈ ತೆಗೆದ. ತೆಗೆದದ್ದು ಅವರಿಗೆ ತಿಳಿದದ್ದು ಗಾಳಿ ಅಲ್ಲಿ ತಣ್ಣಗೆ ತಾಕಿದಾಗ. ಕೊಳವೆಗಳನ್ನು ನೆಟ್ಟಗೆ ಮಾಡಲು ಒಂದು ಕೈ ಕಡಿಮೆಯಾದೀತು, ತಾನು ಹಿಂದಕ್ಕೆ ಹೋಗುತ್ತೇನೆ, ಮುಂದೆ ದಾರಿ ಸಪಾಟಾಗಿದೆ, ಜಾರುವುದಿಲ್ಲ ಎಂದು ಹೇಳಿ, ಅವನು ದಿಣ್ಣೆ ಹತ್ತತೊಡಗಿದ. ಆ ದಿನ ತಮ್ಮ ಮಾತನ್ನು ನಂಬಿದವನು ಅವನೊಬ್ಬನೇ ಎಂಬುದು ಸಾಹೇಬರಿಗೆ ಅವನ ಬೆನ್ನನ್ನು ನೋಡುತ್ತ ನಿಂತಾಗ ಹೊಳೆಯಿತು. ಕರೆಯಬೇಕೆನ್ನಿಸಿತು. ಕರೆದರೆ ಅವನು ತಿರುಗಿ ಬರುತ್ತಾನೆಂಬುದೂ ಈಗ ಅವರಿಗೆ ಗೊತ್ತಿತ್ತು. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಕರೆಯಲಿಲ್ಲ.